ಮಕ್ಕಳ ಬಾಲ್ಯವನ್ನು ಕಾಯ್ದ ತಾಯಿ: ಮೇಡಂ ಕ್ಯೂರಿ

ಮೇಡಂ ಕ್ಯೂರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಪ್ಪು ಉಡುಪು ಧರಿಸಿ, ಪ್ರಯೋಗಶಾಲೆಯ ಮೇಜಿನ ಬಳಿ ನಿಂತ ಗಂಭೀರ ಮುಖದ ವಿಜ್ಞಾನಿಯ ಚಿತ್ರ. ಪೊಲೋನಿಯಂ ಮತ್ತು ರೇಡಿಯಂ ಎಂಬ ಎರಡು ಮೂಲವಸ್ತುಗಳನ್ನು ಜಗತ್ತಿಗೆ ಪರಿಚಯಿಸಿದವರು ಅವರು. 1903ರಲ್ಲಿ ಭೌತವಿಜ್ಞಾನಕ್ಕೂ 1911ರಲ್ಲಿ ರಸಾಯನವಿಜ್ಞಾನಕ್ಕೂ ನೊಬೆಲ್ ಪಾರಿತೋಷಕ ಪಡೆದರು. ಇವೆಲ್ಲ ನಾವು ಶಾಲೆಯ ಪಠ್ಯಪುಸ್ತಕಗಳಲ್ಲಿಯೇ ಓದಿದ ಸಂಗತಿಗಳು. ಆದರೆ ಈ ಮಹಾವಿಜ್ಞಾನಿಯು ಇಬ್ಬರು ಹೆಣ್ಣುಮಕ್ಕಳ ತಾಯಿಯೂ ಆಗಿದ್ದರು, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ ಆ ಮಕ್ಕಳನ್ನು ಬೆಳೆಸಿದರು, ಬೆಳೆಸುವ ಬಗೆಯನ್ನು ಕುರಿತು ಪ್ರಯೋಗಶಾಲೆಯಲ್ಲಿ ಚಿಂತಿಸಿದಷ್ಟೇ ಶ್ರದ್ಧೆಯಿಂದ ಚಿಂತಿಸಿದರು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಲೇಖನದಲ್ಲಿ ಅವರ ಬದುಕನ್ನು ಆ ಮಗ್ಗುಲಿನಿಂದ ನೋಡುವುದು ನಮ್ಮ ಉದ್ದೇಶ.

ಇದಕ್ಕೆ ಕಾರಣವೂ ಇದೆ. ಮಹಾನಗರಗಳಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗುವೊಂದು ಮೂರನೆಯ ವಯಸ್ಸಿನಲ್ಲಿ ಅಕ್ಷರ ಗುರುತಿಸಿದರೆ, ಐದನೆಯ ವಯಸ್ಸಿನಲ್ಲಿ ರಾಗ ಹಿಡಿದರೆ, ಮನೆಮಂದಿಗೆಲ್ಲ ಸಂಭ್ರಮ. ಮರುದಿನದಿಂದಲೇ ಮಗುವಿಗೆ ವಾರದ ಏಳು ದಿನವೂ ಒಂದಲ್ಲ ಒಂದು ತರಗತಿ. ಸಂಜೆಯ ಆಟ ಮೊದಲು ಅರ್ಧ ಗಂಟೆಗೆ ಇಳಿಯುತ್ತದೆ, ಬಳಿಕ ಭಾನುವಾರಕ್ಕೆ ಸರಿಯುತ್ತದೆ, ಕೊನೆಗೆ ರಜೆಗೆ ಮೀಸಲಾಗುತ್ತದೆ. ತಂದೆತಾಯಿಯರ ಉದ್ದೇಶ ಒಳ್ಳೆಯದೇ. ಪ್ರತಿಭೆಯನ್ನು ವ್ಯರ್ಥವಾಗಲು ಬಿಟ್ಟೆವೆಂಬ ಅಪವಾದ ಬರಬಾರದೆಂಬ ಕಳಕಳಿ ಅದು. ಆದರೆ ಪ್ರತಿಭೆಯನ್ನು ಕಾಯುವ ಭರದಲ್ಲಿ ಬಾಲ್ಯ ಕೈಜಾರಿದರೆ ಏನು ಗತಿ? ಈ ಪ್ರಶ್ನೆಗೆ ಮೇಡಂ ಕ್ಯೂರಿಯವರ ಮನೆಯಲ್ಲಿ ಎರಡು ತಲೆಮಾರುಗಳ ಕಾಲ ಉತ್ತರ ಹುಡುಕಲಾಯಿತು.

ಪುಸ್ತಕ ಮರೆಮಾಡಿದ ತಂದೆತಾಯಿ

ಮೇರಿಯವರ ಹುಟ್ಟುಹೆಸರು ಮಾರಿಯಾ ಸ್ಕ್ಲೊಡೊವ್ಸ್ಕಾ. ಜನನ 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗ ಆ ಭಾಗವು ರಷ್ಯಾದ ಝಾರ್ ದೊರೆಯ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು, ತಾಯಿ ಬಾಲಿಕಾ ಪಾಠಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಐವರು ಮಕ್ಕಳಲ್ಲಿ ಮಾರಿಯಾ ಕೊನೆಯವಳು. ಮನೆಯಲ್ಲಿ ಎಲ್ಲರೂ ಮಾನ್ಯಾ ಎಂದು ಕರೆಯುತ್ತಿದ್ದರು.

ಮಾನ್ಯಾಳಿಗೆ ನಾಲ್ಕು ವರ್ಷವಾಗಿದ್ದಾಗ ಅಕ್ಕ ಬ್ರೋನ್ಯಾ ಓದಲು ಕಲಿಯುತ್ತಿದ್ದಳು. ಒಂಟಿಯಾಗಿ ಕಲಿಯಲು ಬೇಸರವಾಗಿ, ರಟ್ಟಿನ ಅಕ್ಷರಗಳನ್ನು ಹರಡಿಕೊಂಡು ತಂಗಿಯೊಡನೆ ಟೀಚರ್ ಆಟವಾಡುತ್ತಿದ್ದಳು. ಒಂದು ದಿನ ತಂದೆತಾಯಿಯರ ಮುಂದೆ ಬ್ರೋನ್ಯಾ ತಡವರಿಸುತ್ತ ಓದುತ್ತಿರಲು, ಮಾನ್ಯಾ ಆಕೆಯ ಕೈಯಿಂದ ಪುಸ್ತಕ ಕಸಿದು ಸರಾಗವಾಗಿ ಓದಿಬಿಟ್ಟಳು. ಮನೆಮಂದಿ ಮೂಕವಿಸ್ಮಿತರಾದರು. ಎಲ್ಲರ ಮೌನವನ್ನು ಕಂಡು ತಾನೇನೋ ಅಪರಾಧ ಮಾಡಿದೆನೆಂದು ಭಾವಿಸಿ ಮಗು ಬಿಕ್ಕಿಬಿಕ್ಕಿ ಅತ್ತಿತು.

ಆಮೇಲೆ ಆ ತಂದೆತಾಯಿ ಕೈಗೊಂಡ ನಿರ್ಧಾರ ಗಮನಾರ್ಹವಾದುದು. ಇಬ್ಬರೂ ಶಿಕ್ಷಕರು. ವಿದ್ಯೆಯ ಬೆಲೆ ಅವರಿಗೆ ಗೊತ್ತು. ಆದರೂ ಮಗುವಿನ ಅಕಾಲದ ಜಾಣ್ಮೆ ಅವರನ್ನು ಹಿಗ್ಗಿಸಲಿಲ್ಲ, ಕೊಂಚ ಚಿಂತೆಗೇ ಈಡುಮಾಡಿತು. ಮಾನ್ಯಾ ಪುಸ್ತಕಕ್ಕೆ ಕೈ ಹಾಕಿದಾಗಲೆಲ್ಲ ಬೊಂಬೆ ತರಲು ಹೇಳುತ್ತಿದ್ದರು, ಮರದ ತುಂಡುಗಳಿಂದ ಮನೆ ಕಟ್ಟಲು ಹೇಳುತ್ತಿದ್ದರು, ತೋಟಕ್ಕೆ ಕಳುಹಿಸುತ್ತಿದ್ದರು. ಓದು ಓಡಿಹೋಗುವುದಿಲ್ಲ, ನಾಲ್ಕನೆಯ ವಯಸ್ಸು ಮತ್ತೆ ಬರುವುದಿಲ್ಲ ಎಂಬ ವಿವೇಕ ಅವರದು.

ಆದರೆ ವಿಧಿ ಆ ಮನೆಯ ಮೇಲೆ ಕಣ್ಣಿಟ್ಟಿತ್ತು. ಹಿರಿಯಕ್ಕ ಜೋಫಿಯಾ ವಿಷಮಜ್ವರಕ್ಕೆ ಬಲಿಯಾದಳು. 1878ರಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಆಗ ಮಾನ್ಯಾಳಿಗೆ ಹತ್ತು ವರ್ಷ. ಶಾಲೆಯಲ್ಲಿಯೂ ನೆಮ್ಮದಿಯಿರಲಿಲ್ಲ. ಪೋಲಿಷ್ ಭಾಷೆಯಲ್ಲಿ ಇತಿಹಾಸವನ್ನು ಗುಟ್ಟಾಗಿ ಕಲಿಸುತ್ತಿದ್ದ ಆ ಶಾಲೆಗೆ ರಷ್ಯನ್ ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ಪುಸ್ತಕಗಳು ಮಾಯವಾಗುತ್ತಿದ್ದವು. ತರಗತಿಗೆಲ್ಲ ಚಿಕ್ಕವಳಾದರೂ ಜಾಣೆಯೆಂಬ ಕಾರಣಕ್ಕೆ ಎದ್ದು ನಿಂತು ರಷ್ಯನ್ ಭಾಷೆಯಲ್ಲಿ ಉತ್ತರ ಹೇಳುವ ಹೊರೆ ಮಾನ್ಯಾಳ ಪಾಲಿಗೆ ಬರುತ್ತಿತ್ತು. ಪ್ರತಿಭೆಯೇ ಶಿಕ್ಷೆಯಾಗುವುದೆಂದರೆ ಏನೆಂಬುದನ್ನು ಆ ಹುಡುಗಿ ಆಗಲೇ ಅನುಭವಿಸಿದಳು.

1883ರ ಜೂನ್ ತಿಂಗಳಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಮಾನ್ಯಾ ಚಿನ್ನದ ಪದಕದೊಡನೆ ಪ್ರೌಢಶಾಲೆಯ ವ್ಯಾಸಂಗ ಮುಗಿಸಿದಳು. ಅದರ ಬೆನ್ನಲ್ಲೇ ದೇಹ ಮತ್ತು ಮನಸ್ಸು ಎರಡೂ ಕುಸಿದವು. ತಂದೆ ಮಗಳನ್ನು ಇನ್ನೊಂದು ಪರೀಕ್ಷೆಗೆ ಕೂರಿಸಲಿಲ್ಲ. ಹಳ್ಳಿಗಳಲ್ಲಿದ್ದ ಬಂಧುಗಳ ಮನೆಗೆ ಇಡೀ ಒಂದು ವರ್ಷದ ಮಟ್ಟಿಗೆ ಕಳುಹಿಸಿಕೊಟ್ಟರು. ಅಲ್ಲಿ ಪಾಠವಿಲ್ಲ, ವೇಳಾಪಟ್ಟಿಯಿಲ್ಲ. ಕಾಡಿನಲ್ಲಿ ಅಲೆದಾಟ, ಉಯ್ಯಾಲೆ, ಕುದುರೆ ಸವಾರಿ, ಚಳಿಗಾಲದ ರಾತ್ರಿ ಹಿಮದ ಮೇಲೆ ಜಾರುಬಂಡಿಗಳಲ್ಲಿ ಮನೆಯಿಂದ ಮನೆಗೆ ಸಾಗುತ್ತ ಬೆಳಗಿನ ತನಕ ನೃತ್ಯ. ಮೇರಿಯವರ ಇಡೀ ಆಯುಷ್ಯದಲ್ಲಿ ಅಷ್ಟು ನಿಶ್ಚಿಂತವಾದ ವರ್ಷ ಮತ್ತೊಂದಿಲ್ಲ. ಮುಂದಿನ ಕಠಿಣ ದಿನಗಳಿಗೆ ಬೇಕಾದ ಶಕ್ತಿಯ ಒಂದು ಪಾಲನ್ನು ಅವರು ಅಲ್ಲಿಂದಲೇ ಪಡೆದರೆಂದು ನಮಗನಿಸುತ್ತದೆ.

ಆ ಕಠಿಣ ದಿನಗಳು ಬೇಗನೆ ಬಂದವು. ಪೋಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಅಕ್ಕ ಬ್ರೋನ್ಯಾ ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದಲೆಂದು ಮಾನ್ಯಾ ಹಲವು ವರ್ಷ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಕಳುಹಿಸಿದಳು. ಹಳ್ಳಿಯಲ್ಲಿ ಅಂತಹ ಕೆಲಸದಲ್ಲಿದ್ದಾಗ ರೈತರ ಮಕ್ಕಳನ್ನು ಕೂಡಿಸಿ ಪೋಲಿಷ್ ಅಕ್ಷರಗಳನ್ನೂ ಕಲಿಸಿದಳು. 1891ರಲ್ಲಿ ತಾನೂ ಪ್ಯಾರಿಸ್ಸಿಗೆ ತೆರಳಿ, 1893ರಲ್ಲಿ ಭೌತವಿಜ್ಞಾನದಲ್ಲಿ ಪ್ರಥಮ ಸ್ಥಾನವನ್ನೂ 1894ರಲ್ಲಿ ಗಣಿತದಲ್ಲಿ ದ್ವಿತೀಯ ಸ್ಥಾನವನ್ನೂ ಗಳಿಸಿದಳು. 1895ರ ಜುಲೈಯಲ್ಲಿ ವಿಜ್ಞಾನಿ ಪಿಯರೆ ಕ್ಯೂರಿಯವರನ್ನು ವಿವಾಹವಾಗಿ ಮೇರಿ ಕ್ಯೂರಿಯಾದರು.

ಶಾಲೆಯ ಮೆಟ್ಟಿಲು ಹತ್ತದ ಪಿಯರೆ

ಪಿಯರೆಯವರ ಬಾಲ್ಯದ ಕಥೆಯೂ ಇಲ್ಲಿ ಪ್ರಸ್ತುತ. ಬಾಲಕ ಪಿಯರೆ ತನ್ನಷ್ಟಕ್ಕೆ ಕನಸು ಕಾಣುವ, ಒಂದು ವಿಷಯದಿಂದ ಇನ್ನೊಂದಕ್ಕೆ ಥಟ್ಟನೆ ಹೊರಳಲಾರದ ಸ್ವಭಾವದವರು. ವೈದ್ಯರಾಗಿದ್ದ ತಂದೆ ಯೂಜೀನ್ ಕ್ಯೂರಿಯವರು ಅದನ್ನರಿತು ಮಗನನ್ನು ಶಾಲೆಗೆ ಹಾಕಲೇ ಇಲ್ಲ. ಪಿಯರೆ ಮನೆಯಲ್ಲಿ ಕಲಿತರು, ಹೊಲಗದ್ದೆ ಕಾಡುಗಳಲ್ಲಿ ತಿರುಗಾಡಿ ಗಿಡಮರ ಪ್ರಾಣಿಗಳನ್ನು ಅರಿತರು. ಯಾರೂ ಅವಸರ ಮಾಡದ ಈ ಹುಡುಗ ಹದಿನೆಂಟನೆಯ ವಯಸ್ಸಿಗೆ ವಿಜ್ಞಾನದ ಪದವೀಧರನಾದ. ಹೀಗೆ, ಪುಸ್ತಕ ಮರೆಮಾಡಿದ ಮನೆಯ ಮಗಳೂ ಶಾಲೆಗೆ ಕಳುಹಿಸದ ಮನೆಯ ಮಗನೂ ಕೂಡಿ ಕಟ್ಟಿದ ಸಂಸಾರವದು.

1897ರ ಸೆಪ್ಟೆಂಬರ್ 12ರಂದು ಹಿರಿಯ ಮಗಳು ಐರೀನ್ ಜನಿಸಿದಳು. ಕೆಲವೇ ವಾರಗಳಲ್ಲಿ ಪಿಯರೆಯವರ ತಾಯಿ ತೀರಿಕೊಂಡು, ಮಾವ ಯೂಜೀನ್ ಕ್ಯೂರಿಯವರು ಮಗ ಸೊಸೆಯ ಮನೆಗೆ ಬಂದು ನೆಲೆಸಿದರು. ಮೇರಿ ನಿಶ್ಚಿಂತೆಯಿಂದ ಪ್ರಯೋಗಶಾಲೆಗೆ ಹೋಗುವಂತಾದದ್ದು ಈ ಅಜ್ಜನಿಂದ. ಪೊಲೋನಿಯಂ ಮತ್ತು ರೇಡಿಯಂ ಎರಡೂ ಪ್ರಕಟವಾದ 1898ರಲ್ಲಿ ಮೇರಿಯವರು ಪ್ರಯೋಗದ ಲೆಕ್ಕಗಳನ್ನು ಬರೆದಷ್ಟೇ ನಿಷ್ಠೆಯಿಂದ ಮಗುವಿನ ತೂಕ, ಹೊಸ ಹಲ್ಲು, ಆಹಾರಗಳ ವಿವರವನ್ನು ಬೇರೊಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1904ರ ಡಿಸೆಂಬರಿನಲ್ಲಿ ಎರಡನೆಯ ಮಗಳು ಈವ್ ಜನಿಸಿದಳು.

1906ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ರಸ್ತೆಯಲ್ಲಿ ಸರಕು ತುಂಬಿದ ಕುದುರೆಬಂಡಿಯ ಕೆಳಗೆ ಸಿಲುಕಿ ಪಿಯರೆ ಮೃತಪಟ್ಟರು. ಎಂಟು ವರ್ಷದ ಐರೀನ್ ಅಂದು ನೆರೆಮನೆಯಲ್ಲಿ ಆಡುತ್ತಿದ್ದಳು. ತಂದೆಗೆ ತಲೆಗೆ ಪೆಟ್ಟಾಗಿದೆ, ವಿಶ್ರಾಂತಿ ಬೇಕು ಎಂದಷ್ಟೇ ತಾಯಿ ಆಕೆಗೆ ತಿಳಿಸಿದರು. ಮಗು ಆಟಕ್ಕೆ ಮರಳಿತು. ಸತ್ಯವನ್ನು ಹೇಳಿದ್ದು ಅನಂತರ. ತನ್ನ ಎದೆ ಒಡೆದಿರುವಾಗಲೂ ಮಗುವಿಗೆ ಇನ್ನೊಂದಿಷ್ಟು ಹೊತ್ತಿನ ಆಟವನ್ನು ಉಳಿಸಿಕೊಟ್ಟ ಆ ತಾಯಿಯ ಮನಃಸ್ಥಿತಿಯನ್ನು ನಾವು ಊಹಿಸಬಹುದಷ್ಟೆ.

ದಿನಕ್ಕೊಂದೇ ಪಾಠ

ಪಿಯರೆಯವರ ಮರಣಾನಂತರ ಮೇರಿಯವರು ಪ್ಯಾರಿಸ್ ಹೊರವಲಯದ ಸೋ ಎಂಬ ಊರಿನಲ್ಲಿ ತೋಟವಿರುವ ಮನೆಯೊಂದಕ್ಕೆ ಬಂದರು. ಇದರಿಂದ ಪ್ರಯೋಗಶಾಲೆಗೆ ದಿನವೂ ರೈಲಿನಲ್ಲಿ ಓಡಾಡುವ ಶ್ರಮ ಅವರಿಗೆ ಹೆಚ್ಚಾಯಿತು, ಮಕ್ಕಳಿಗೆ ಮಾತ್ರ ಮರಗಿಡ ಗಾಳಿ ಬಯಲು ದೊರೆತವು. ತೋಟದಲ್ಲಿ ಕಂಬಗಳನ್ನು ನೆಡಿಸಿ ಹಗ್ಗ, ಬಳೆ, ತೂಗುಕೋಲುಗಳನ್ನು ಕಟ್ಟಿಸಿದರು. ಬೆಳಗ್ಗೆ ಒಂದು ಗಂಟೆ ಬುದ್ಧಿಗೋ ಕೈಗೋ ಕೆಲಸ, ಆಮೇಲೆ ಮಳೆಯಿರಲಿ ಚಳಿಯಿರಲಿ ಹೊರಗೆ ತಿರುಗಾಟ. ಪ್ರತಿಯೊಬ್ಬಳಿಗೂ ತೋಟದಲ್ಲಿ ತನ್ನದೇ ಆದ ತುಂಡು ನೆಲ. ಅಡುಗೆ, ಹೊಲಿಗೆ, ಮಣ್ಣಿನ ಬೊಂಬೆ, ಸೈಕಲ್, ಈಜು ಎಲ್ಲವನ್ನೂ ಕಲಿಸಿದರು. ಕತ್ತಲಿಗೂ ಗುಡುಗಿಗೂ ಹೆದರಬಾರದೆಂದು ರೂಢಿಸಿದರು. ಹನ್ನೊಂದು ಹನ್ನೆರಡರ ವಯಸ್ಸಿಗೆ ಹುಡುಗಿಯರು ಒಂಟಿಯಾಗಿ ಪ್ರಯಾಣ ಮಾಡುವಂತಾದರು. ಪೋಲಿಷ್ ಮಹಿಳೆಯರನ್ನು ಮನೆಯಲ್ಲಿರಿಸಿಕೊಂಡು ಮಕ್ಕಳಿಗೆ ತಾಯಿನುಡಿಯನ್ನು ಕಲಿಸಿದ ಸಂಗತಿಯನ್ನು ಹೊರನಾಡಿನಲ್ಲಿರುವ ನಾವು ವಿಶೇಷವಾಗಿ ನೆನೆಯಬೇಕು.

ಐರೀನ್ ಗಣಿತದಲ್ಲಿ ಚುರುಕೆಂಬುದು ಬೇಗನೆ ಸ್ಪಷ್ಟವಾಯಿತು. ಆದರೆ ಮಾತಿನಲ್ಲಿ ನಿಧಾನ, ಅಪರಿಚಿತರನ್ನು ಕಂಡರೆ ಮುದುಡುವ ಸ್ವಭಾವ. ತಂದೆಯದೇ ಅಚ್ಚು. ಅಂದಿನ ಶಾಲೆಗಳಲ್ಲಿ ಮಕ್ಕಳನ್ನು ಗಾಳಿಯಾಡದ ಕೋಣೆಗಳಲ್ಲಿ ದಿನವಿಡೀ ಕೂಡಿಹಾಕುವುದು ಮೇರಿಯವರಿಗೆ ಸರಿಕಾಣಲಿಲ್ಲ. ಕಲಿಕೆ ಕೆಲವೇ ಗಂಟೆಗಳದ್ದಾಗಿರಲಿ, ಆದರೆ ಉತ್ತಮವಾಗಿರಲಿ ಎಂಬುದು ಅವರ ನಿಲುವು. ಆದುದರಿಂದ 1907ರಲ್ಲಿ ಸಹೋದ್ಯೋಗಿ ಮಿತ್ರರೊಡನೆ ಸೇರಿ ಸಹಕಾರಿ ಶಾಲೆಯೊಂದನ್ನು ರೂಪಿಸಿದರು. ತಂದೆತಾಯಿಯರೇ ಗುರುಗಳು. ಮಕ್ಕಳು ಸುಮಾರು ಹತ್ತು ಮಂದಿ. ದಿನಕ್ಕೆ ಒಂದೇ ಪಾಠ, ಉಳಿದದ್ದೆಲ್ಲ ಆಟ ಮತ್ತು ಸ್ವಂತ ಚಟುವಟಿಕೆ. ರಸಾಯನವಿಜ್ಞಾನಕ್ಕೆ ಜಾನ್ ಪೆರಿನ್, ಗಣಿತಕ್ಕೆ ಪಾಲ್ ಲಾಂಜೆವಿನ್, ಸಾಹಿತ್ಯ ಮತ್ತು ಇತಿಹಾಸಕ್ಕೆ ಪೆರಿನ್ನರ ಪತ್ನಿ ಆನ್ರಿಯೆತ್. ಬೊಂಬೆ ಮಾಡುವುದನ್ನು ಕಲಿಸಲು ಒಬ್ಬ ಶಿಲ್ಪಿ. ಗುರುವಾರ ಭೌತವಿಜ್ಞಾನದ ಪಾಠ ಸ್ವತಃ ಮೇಡಂ ಕ್ಯೂರಿಯವರದು.

ಆ ಪಾಠದ ಬಗೆ ಹೀಗಿತ್ತು. ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಶಾಯಿಯಲ್ಲಿ ಅದ್ದಿ ಇಳಿಜಾರು ಹಲಗೆಯ ಮೇಲೆ ಉರುಳಬಿಟ್ಟರೆ, ಅವು ಎಳೆದ ಬಾಗುಗೆರೆಯಲ್ಲಿಯೇ ಬೀಳುವ ವಸ್ತುವಿನ ನಿಯಮ ಕಾಣುತ್ತಿತ್ತು. ಉಷ್ಣಮಾಪಕವನ್ನು ಮಕ್ಕಳೇ ತಯಾರಿಸುತ್ತಿದ್ದರು. ಒಮ್ಮೆ, ಪಾತ್ರೆಯೊಂದರಲ್ಲಿರುವ ಬಿಸಿ ದ್ರವ ಆರದಂತೆ ಇರಿಸಲು ಏನು ಮಾಡಬೇಕೆಂದು ಮೇರಿಯವರು ಕೇಳಿದರು. ಉಣ್ಣೆ ಸುತ್ತಬೇಕು ಎಂಬುದೇ ಮೊದಲಾಗಿ ಮಕ್ಕಳು ಬಗೆಬಗೆಯ ಜಾಣ ಉತ್ತರಗಳನ್ನು ಕೊಟ್ಟರು. ಮೇರಿಯವರು ನಕ್ಕು, ತಾವಾದರೆ ಮೊದಲು ಮುಚ್ಚಳ ಮುಚ್ಚುವುದಾಗಿ ಹೇಳಿದರು. ಅಷ್ಟರಲ್ಲಿ ತಿಂಡಿ ಬಂತು, ಪಾಠ ಮುಗಿಯಿತು. ಅತಿಜಾಣತನಕ್ಕಿಂತ ಸಾಮಾನ್ಯ ಜ್ಞಾನ ಮೊದಲು ಎಂಬುದನ್ನು ನೊಬೆಲ್ ವಿಜ್ಞಾನಿಯೊಬ್ಬರು ಕಲಿಸಿದ ರೀತಿಯಿದು. ಈ ಗುಂಪಿನಲ್ಲಿದ್ದ ಇಸಾಬೆಲ್ ಶವಾನ್ ಎಂಬ ಹುಡುಗಿ ಬರೆದಿಟ್ಟಿದ್ದ ಪಾಠದ ಟಿಪ್ಪಣಿಗಳು 2003ರಲ್ಲಿ ಫ್ರಾನ್ಸಿನಲ್ಲಿ ಪುಸ್ತಕವಾಗಿ ಹೊರಬಂದವು.

ಸಹಕಾರಿ ಶಾಲೆ ಸುಮಾರು ಎರಡು ವರ್ಷ ನಡೆಯಿತು. ಗುರುಗಳಾಗಿದ್ದ ತಂದೆತಾಯಿಯರಿಗೆ ತಮ್ಮ ಕೆಲಸದ ನಡುವೆ ಬಿಡುವು ದೊರೆಯದಾಯಿತು, ಮಕ್ಕಳೂ ಪರೀಕ್ಷೆಗಳಿಗೆ ಸಿದ್ಧರಾಗಬೇಕಾಗಿತ್ತು. ಐರೀನ್ ಬಳಿಕ ಪ್ಯಾರಿಸ್ಸಿನ ಖಾಸಗಿ ಶಾಲೆಯೊಂದನ್ನು ಸೇರಿದಳು. ಮಕ್ಕಳನ್ನು ಜೀವಮಾನವಿಡೀ ಮನೆಯ ಗೂಡಿನಲ್ಲಿರಿಸುವ ಹಟ ಮೇರಿಯವರಿಗಿರಲಿಲ್ಲ.

ತಾಯಿಯೂ ಮನುಷ್ಯಳೇ

ಇಷ್ಟರಿಂದ ಮೇಡಂ ಕ್ಯೂರಿಯವರನ್ನು ದೋಷವಿಲ್ಲದ ತಾಯಿಯೆಂದು ಚಿತ್ರಿಸಿದರೆ ಅದು ಸತ್ಯಕ್ಕೆ ಅಪಚಾರ. ಗಣಿತದ ಪಾಠದ ವೇಳೆ ಐರೀನ್ ಉತ್ತರಿಸದೆ ಕನಸು ಕಾಣುತ್ತಿದ್ದುದಕ್ಕೆ ಸಿಟ್ಟಾಗಿ, ಅವಳ ನೋಟುಬುಕ್ಕನ್ನು ಕಿಟಕಿಯಿಂದ ಹೊರಗೆಸೆದ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಹುಡುಗಿ ಶಾಂತಳಾಗಿ ಮೆಟ್ಟಿಲಿಳಿದು ಪುಸ್ತಕವನ್ನು ತಂದು ಉತ್ತರ ಹೇಳಿದಳಂತೆ. ನಮ್ಮ ಮನೆಗಳ ತಾಯಂದಿರಿಗೆ ಇದು ಸಮಾಧಾನ ತರಬಲ್ಲ ಸಂಗತಿ.

ಇನ್ನೂ ಆಳವಾದ ಕೊರತೆಯೊಂದಿತ್ತು. ಪಿಯರೆಯವರ ಮರಣದ ಬಳಿಕ ಮೇರಿ ಮಕ್ಕಳೆದುರು ಅವರ ತಂದೆಯ ಹೆಸರನ್ನು ಎತ್ತಲಾರದಾದರು. ದುಃಖವನ್ನು ಮರೆಮಾಡಿ ಮಕ್ಕಳ ಬಾಲ್ಯವನ್ನು ಕಾಯುವೆನೆಂದು ಅವರು ಭಾವಿಸಿದ್ದರೇನೋ. ಆದರೆ ಮನೆಯಲ್ಲಿ ಆವರಿಸಿದ ಆ ಮೌನವೂ ಮಕ್ಕಳಿಗೊಂದು ಭಾರವೇ ಆಗಿತ್ತು. ಆ ಮೌನದಲ್ಲಿ ಐರೀನಳಿಗೆ ಆಸರೆಯಾದವರು ಅಜ್ಜ ಯೂಜೀನ್. ತೋಟದಲ್ಲಿ ಕೈ ಹಿಡಿದು ನಡೆಸುತ್ತ ಗಿಡಮರಗಳ ಹೆಸರು ಹೇಳಿಕೊಟ್ಟು, ಕಾವ್ಯ ಓದಿಸಿ, ನಗಿಸಿದ ಹಿರಿಯರು ಅವರು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇರುವುದು ಮಗುವಿನ ಪಾಲಿಗೆ ಎಂತಹ ಸಂಪತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 1910ರ ಫೆಬ್ರವರಿಯಲ್ಲಿ ಅವರೂ ಕಾಲವಾದರು.

1911ರಲ್ಲಿ ಪತ್ರಿಕೆಗಳು ಮೇರಿಯವರ ಖಾಸಗಿ ಬದುಕನ್ನು ಬೀದಿಗೆಳೆದವು. ಮನೆಯ ಮುಂದೆ ಜನ ಕೂಡಿ ಕೂಗಾಡಿದರು. ತಾಯಿ ಮಕ್ಕಳು ಮಿತ್ರರ ಮನೆಯಲ್ಲಿ ಆಶ್ರಯ ಪಡೆಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೆಯ ನೊಬೆಲ್ ಸ್ವೀಕರಿಸಲು ಸ್ಟಾಕ್‌ಹೋಮಿಗೆ ಹೋದಾಗ ಹದಿನಾಲ್ಕರ ಐರೀನಳನ್ನು ಜೊತೆಗೆ ಕರೆದೊಯ್ದರು. ಮರಳಿದ ಮೇಲೆ ಮೇರಿಯವರು ತೀವ್ರ ಅಸ್ವಸ್ಥರಾಗಿ, ಬೇರೆ ಹೆಸರಿನಲ್ಲಿ ಅಜ್ಞಾತವಾಗಿ ಮಕ್ಕಳಿಂದ ದೂರವೇ ಉಳಿಯಬೇಕಾಯಿತು. ಮಗಳು ತಾಯಿಗೆ ಬರೆಯುವ ಕಾಗದದ ಮೇಲೆ ಕ್ಯೂರಿ ಎಂಬ ಹೆಸರನ್ನು ಬರೆಯುವಂತಿರಲಿಲ್ಲ. ಎಷ್ಟೇ ಎಚ್ಚರದಿಂದ ಕಾದರೂ ಬಾಲ್ಯದ ಬೇಲಿಯನ್ನು ಲೋಕ ಮುರಿದು ಒಳನುಗ್ಗುವುದುಂಟು. ಆದರೂ ಆ ಕಾಲದ ಪತ್ರಗಳಲ್ಲಿ ತಾಯಿ ಮಗಳ ನಡುವೆ ಗಣಿತದ ಲೆಕ್ಕಗಳೂ ರಜೆಯ ಸುದ್ದಿಗಳೂ ಒಟ್ಟೊಟ್ಟಿಗೆ ಹರಿದಾಡಿದವು.

ಇಬ್ಬರು ಮಕ್ಕಳು, ಎರಡು ದಾರಿ

ಕಿರಿಯವಳಾದ ಈವ್ ವಿಜ್ಞಾನದತ್ತ ಒಲಿಯಲಿಲ್ಲ. ಅವಳ ಒಲವು ಸಂಗೀತದತ್ತ. ಪೋಲೆಂಡಿನ ಪ್ರಸಿದ್ಧ ಪಿಯಾನೋ ವಾದಕ ಪಾದೆರೆವ್‌ಸ್ಕಿಯವರು ಪುಟ್ಟ ಈವ್‌ಳ ವಾದನವನ್ನು ಕೇಳಿ ಮೆಚ್ಚಿದ್ದರು. ಮೇರಿಯವರಿಗೆ ಸಂಗೀತದ ಪರಿಚಯ ಅಷ್ಟಕ್ಕಷ್ಟೆ. ಮಗಳು ವೈದ್ಯಳಾಗಲಿ ಎಂಬ ಆಸೆಯೂ ಇತ್ತು. ಆದರೂ ಒತ್ತಾಯಿಸದೆ ಪಿಯಾನೋ ಕೊಡಿಸಿದರು. ಅಕ್ಕನ ಅಳತೆಗೋಲಿನಿಂದ ತಂಗಿಯನ್ನು ಅಳೆಯಲಿಲ್ಲ. ಈವ್ ಪಿಯಾನೋ ವಾದಕಿಯಾದಳು, ಮುಂದೆ ಬರಹಗಾರ್ತಿಯಾಗಿ 1937ರಲ್ಲಿ ತಾಯಿಯ ಜೀವನಚರಿತ್ರೆಯನ್ನು ಪ್ರಕಟಿಸಿ ಲೋಕಖ್ಯಾತಿ ಪಡೆದಳು. 102 ವರ್ಷಗಳ ತುಂಬುಬಾಳನ್ನು ಬಾಳಿ 2007ರಲ್ಲಿ ನಿಧನ ಹೊಂದಿದಳು.

ಐರೀನ್ ಮೊದಲ ಮಹಾಯುದ್ಧದ ಕಾಲದಲ್ಲಿ, ಹದಿಹರೆಯ ಕಳೆಯುವ ಮೊದಲೇ, ತಾಯಿಯ ಜೊತೆ ಕ್ಷಕಿರಣ ಯಂತ್ರಗಳೊಡನೆ ರಣರಂಗದ ಆಸ್ಪತ್ರೆಗಳಲ್ಲಿ ದುಡಿದಳು. ಒಂಟಿಯಾಗಿ ಪ್ರಯಾಣ ಮಾಡಿಸಿ, ಗುಡುಗಿಗೆ ಹೆದರದಂತೆ ಬೆಳೆಸಿದ್ದು ಅಲ್ಲಿ ಫಲ ಕೊಟ್ಟಿತು. 1926ರಲ್ಲಿ ವಿಜ್ಞಾನಿ ಫ್ರೆಡರಿಕ್ ಜೋಲಿಯೋ ಅವರನ್ನು ವಿವಾಹವಾದಳು. 1934ರ ಜನವರಿಯಲ್ಲಿ ದಂಪತಿಗಳು ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದರು. ಮೇರಿಯವರು ಆ ಸಂತೋಷವನ್ನು ಕಣ್ಣಾರೆ ಕಂಡು, ಅದೇ ವರ್ಷದ ಜುಲೈ 4ರಂದು ಕಣ್ಮುಚ್ಚಿದರು. 1935ರಲ್ಲಿ ಐರೀನ್ ದಂಪತಿಗಳಿಗೆ ರಸಾಯನವಿಜ್ಞಾನದ ನೊಬೆಲ್ ದೊರೆಯಿತು.

ಮೇರಿಯವರು ಮಕ್ಕಳಿಗೆ ಆಸ್ತಿ ಕೂಡಿಡಲಿಲ್ಲ. ಪಿಯರೆಯವರ ಜೊತೆ ತಾವು ಬೇರ್ಪಡಿಸಿದ್ದ, ಅಪಾರ ಬೆಲೆಬಾಳುವ ರೇಡಿಯಂ ಅನ್ನು ಹೆಣ್ಣುಮಕ್ಕಳ ಹೆಸರಿಗೆ ಬರೆಯದೆ ಪ್ರಯೋಗಶಾಲೆಗೆ ಒಪ್ಪಿಸಿದರು. ಅವರು ಕೊಟ್ಟ ಆಸ್ತಿ ಬೇರೆ ಬಗೆಯದು: ಗಟ್ಟಿಮುಟ್ಟಾದ ದೇಹ, ತಮ್ಮ ಕಾಲ ಮೇಲೆ ನಿಲ್ಲುವ ಧೈರ್ಯ, ತಮಗೊಲಿದದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ.

ಸಹಕಾರಿ ಶಾಲೆಯಲ್ಲಿ ಕಲಿತುದರಿಂದಲೇ ಐರೀನಳಿಗೆ ನೊಬೆಲ್ ಬಂತೆಂದು ನಾವು ಹೇಳುವುದಿಲ್ಲ. ಅಂತಹ ತಂದೆತಾಯಿ, ಅಂತಹ ಗುರುಗಳು ಎಲ್ಲ ಮಕ್ಕಳಿಗೂ ದೊರೆಯುವುದಿಲ್ಲ. ಆದರೆ ಆಟ, ತೋಟ, ಈಜು, ಅಜ್ಜನ ಒಡನಾಟಗಳಿಗೆ ಕೊಟ್ಟ ಹೊತ್ತಿನಿಂದ ಆ ಪ್ರತಿಭೆಗೆ ಕಿಂಚಿತ್ತೂ ನಷ್ಟವಾಗಲಿಲ್ಲ ಎಂಬುದನ್ನಂತೂ ಧೈರ್ಯವಾಗಿ ಹೇಳಬಹುದು. ಮಗು ಜಾಣನೆಂದು ತಿಳಿದ ದಿನ ಇನ್ನೊಂದು ತರಗತಿಗೆ ಹೆಸರು ಬರೆಸುವ ಮೊದಲು, ಅದರ ಸಂಜೆಯ ಆಟಕ್ಕೆ ಎಷ್ಟು ಹೊತ್ತು ಉಳಿದಿದೆಯೆಂದು ನಮ್ಮ ಪಾಲಕರು ಒಮ್ಮೆ ಎಣಿಸಿ ನೋಡಲಿ. ವಾರ್ಸಾದ ಆ ಶಿಕ್ಷಕ ದಂಪತಿಗಳು ನಾಲ್ಕರ ಮಗಳ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು ಬೊಂಬೆ ಕೊಟ್ಟಾಗ ಅವರು ಕಳೆದುಕೊಂಡದ್ದು ಏನೂ ಇರಲಿಲ್ಲ.